ಮುದ್ರೆಯಿಲ್ಲದ ಕುಡಿಕೆ

ನಮ್ಮ ಅಂಗಳದಲ್ಲಿ ಬೆಂಕಿಕಡ್ಡಿ ಗೀರುವಂತಿಲ್ಲ, ಕೈಗೆ ಗಡಿಯಾರ ಕಟ್ಟುವಂತಿಲ್ಲ. ಮೂರು ಸಾವಿರ ವರ್ಷಗಳ ಹಿಂದೆ ಜನ ಹೇಗೆ ನೇಯ್ದರು, ಹೇಗೆ ಮಡಕೆ ಸುಟ್ಟರು ಎಂಬುದನ್ನು ಮಾಡಿಯೇ ತಿಳಿಯಬೇಕೆಂಬುದು ಇಲ್ಲಿಯವರ ಹಟ. ನಾನು ಒರಟು ಬಟ್ಟೆ ಸುತ್ತಿಕೊಂಡು, ನೋಡಲು ಬಂದವರೆದುರು ಮಡಕೆ ಮಾಡುತ್ತೇನೆ. ಮೂವತ್ತು ವರ್ಷಗಳ ಹಿಂದೆ ಇದೇ ಜಾಗದಲ್ಲಿ ನನ್ನ ಅಜ್ಜಿ ಕೂತಿದ್ದಳು. ಮಡಕೆಯೊಳಗೆ ಊರು ಕಟ್ಟಿಕೊಂಡ ರಾಣಿಯ ಕಥೆ ಹೇಳುತ್ತಲೇ ನನಗೆ ಮಣ್ಣು ಹದ ಮಾಡಲು ಕಲಿಸಿದವಳು. ಹೋದ ವರ್ಷ ತೀರಿಕೊಂಡಳು.

ಇಲ್ಲಿ ಒಂದು ನಿಯಮವನ್ನು ಮಾತ್ರ ಯಾರೂ ಮೀರುವಂತಿಲ್ಲ. ಪ್ರತಿ ಮಡಕೆಯ ತಳಕ್ಕೆ, ಮಣ್ಣು ಹಸಿಯಿರುವಾಗಲೇ, ವರ್ಷದ ಮುದ್ರೆ ಒತ್ತಬೇಕು. ಮುಂದೆ ಯಾರಾದರೂ ಅಗೆದಾಗ ನಮ್ಮದನ್ನು ನಿಜವಾಗಿಯೂ ಹಳೆಯದೆಂದುಕೊಳ್ಳಬಾರದಲ್ಲ! ಮುದ್ರೆಯಿಲ್ಲದ್ದನ್ನು ಪುಡಿ ಮಾಡಿಬಿಡಬೇಕು.

ಕೆಲವು ತಿಂಗಳ ಹಿಂದೆ ಹಿತ್ತಲಲ್ಲಿ ಚರಂಡಿ ತೋಡುವಾಗ ಒಂದು ಕುಡಿಕೆ ಸಿಕ್ಕಿತು. ಹೊರಗೆ ಕೆಂಪು, ಒಳಗೆ ಕನ್ನಡಿಯಂಥ ಕಪ್ಪು. ನಮ್ಮಲ್ಲಿ ಯಾರಿಗೂ ಈವರೆಗೆ ಕೈಹತ್ತದ ಕೆಲಸ. ಅಂಗಳದ ಹೊಸ ಮುಖ್ಯಸ್ಥರಾದ ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಾಜಿನ ಪೆಟ್ಟಿಗೆ ಬಂತು, ‘ಮೂರು ಸಾವಿರ ವರ್ಷ ಹಳೆಯದು, ಮಾಡಿದವರು ಯಾರೆಂದು ತಿಳಿದಿಲ್ಲ’ ಎಂಬ ಚೀಟಿ ಬಂತು.

ನಾನು ಕಂಠದ ಕೆಳಗೆ ನೋಡಿದೆ. ಸಾಲಾಗಿ ಹೆಬ್ಬೆರಳಿನ ಗುರುತು. ಪ್ರತಿಯೊಂದರಲ್ಲೂ ಉಗುರು ನಡುವೆ ಸೀಳಿದೆ. ಆ ಸೀಳುಗುರು ಎಷ್ಟು ಸಲ ನನ್ನ ಜಡೆಗೆ ಸಿಕ್ಕಿಕೊಂಡಿಲ್ಲ!

“ಮೇಷ್ಟ್ರೇ, ಇದು ನಮ್ಮಜ್ಜಿ ಮಾಡಿದ್ದು.”

“ಓಹೋ! ನಿಮ್ಮಜ್ಜಿಗೆ ಎಷ್ಟಮ್ಮ ವಯಸ್ಸು, ಮೂರು ಸಾವಿರಾನಾ?”

ಮಗ್ಗದ ಮುಂದಿದ್ದ ನೇಯ್ಗೆ ಅಕ್ಕ ಕಿಸಕ್ಕನೆ ನಕ್ಕಳು. ಆಮೇಲೆ ನನ್ನನ್ನು ಬದಿಗೆಳೆದು, “ಸುಮ್ನಿರೇ ಹುಚ್ಚಿ. ಗಾಜಿನೊಳಗೆ ಅದಾದ್ರೂ ಸುಖವಾಗಿರ್ಲಿ” ಎಂದಳು.

ಸುಮ್ಮನಿರಬೇಕಿತ್ತು. ಆದರೆ ಮಾಡಿದವರು ಯಾರೆಂದು ತಿಳಿದಿದೆಯಲ್ಲ! ಆ ಚೀಟಿಯಲ್ಲಿ ಅಜ್ಜಿಯ ಹೆಸರು ಬರಬೇಕು, ನನಗೆ ಬೇಕಿದ್ದದ್ದು ಅಷ್ಟೇ. ದಿನವೂ ಮೇಷ್ಟ್ರ ಬೆನ್ನು ಬಿದ್ದೆ. ಕಡೆಗೆ ನನ್ನ ಬಾಯಿ ಮುಚ್ಚಿಸಲೆಂದೇ ಅವರು ಕುಡಿಕೆಯಿಂದ ಚಿಟಿಕೆ ಪುಡಿ ಕೊರೆದು, ಮಣ್ಣು ಕೊನೆಯ ಸಲ ಬೆಂಕಿ ಕಂಡದ್ದು ಯಾವಾಗೆಂದು ಹೇಳುವ ಪರೀಕ್ಷೆಗೆ ಕಳಿಸಿದರು.

ಉತ್ತರ ಬಂತು: ಹೆಚ್ಚುಕಡಿಮೆ ಮೂವತ್ತು ವರ್ಷ.

ನಾನು ಕುಣಿಯುವುದೊಂದು ಬಾಕಿ. “ಹಾಗಾದ್ರೆ ಚೀಟಿ ಬದಲಾಯಿಸ್ತೀರಾ, ಮೇಷ್ಟ್ರೇ?”

ಅವರು ಕುಡಿಕೆಯನ್ನು ಪೆಟ್ಟಿಗೆಯಿಂದ ತೆಗೆದು ತಳ ಮೇಲೆ ಮಾಡಿದರು. ಬರಿದು, ಮುದ್ರೆಯಿಲ್ಲ. ಚೆಂದವಾಗಿ ಬಂದವಕ್ಕೆ ಮುದ್ರೆ ಒತ್ತಲು ಅಜ್ಜಿಗೆ ಮನಸ್ಸು ಬರುತ್ತಿರಲಿಲ್ಲ. “ಇಂಥ ಮಗೂಗೆ ಯಾರಾದ್ರೂ ಬರೆ ಹಾಕ್ತಾರೇನೇ?” ಎನ್ನುತ್ತಿದ್ದಳು. ಇದನ್ನು ಹಿತ್ತಲಲ್ಲಿ ಹೂತು ಬಚ್ಚಿಟ್ಟಿರಬೇಕು.

“ನಿಯಮ ನಿಂಗೂ ಗೊತ್ತಲ್ಲಮ್ಮ.”

“ಬಣ್ಣದಲ್ಲಿ ವರ್ಷ ಬರೆದುಬಿಡೋಣ...”

“ಬಣ್ಣ ಅಳಿಸಿಹೋಗುತ್ತೆ. ನಾನೇ ಮೋಸ ಹೋದೆ, ಇನ್ನೊಬ್ಬರೂ ಹೋಗ್ಬೇಕಾ? ಕಂಡುಹಿಡಿದವಳು ನೀನು. ನೀನೇ ಮುಗಿಸು.”

ಅವರ ದನಿಯಲ್ಲಿ ಸೇಡಿರಲಿಲ್ಲವೆಂದು ಇವತ್ತಿಗೂ ನಂಬಲಾರೆ.

ಕುಡಿಕೆಯನ್ನು ಬಂಡೆಯ ಮೇಲಿಟ್ಟು ಗುಂಡುಕಲ್ಲು ಎತ್ತಿದೆ. ನೇಯ್ಗೆ ಅಕ್ಕ ಮುಖ ತಿರುಗಿಸಿದಳು. ಮೊದಲ ಪೆಟ್ಟಿಗೆ ಅದು ಠಣ್ಣೆಂದಿತು, ಒಡೆಯಲಿಲ್ಲ. ಅಷ್ಟು ಚೆನ್ನಾಗಿ ಸುಟ್ಟಿದ್ದಳು.

“ಜೋರಾಗಿ ಹಾಕಮ್ಮ,” ಎಂದರು ಮೇಷ್ಟ್ರು, “ಜನ ಬರೋ ಹೊತ್ತಾಯ್ತು.”