ಮೇಲೆ ಬಂದು ಕೂತ ಡಿಸ್ಕು

ಅಚ್ಯುತ್ ಅಂಗಡಿಗೆ ಸೇರಿದ ಮೇಲೆ ಟೀ ಲೋಟ ಮೊದಲು ಅವನ ಮುಂದೆ ಇಳಿಯತೊಡಗಿತು. ಬೇರೆ ಯಾರಿಗೂ ಇದು ಕಾಣಿಸಲಿಲ್ಲ. ಜಗನ್‌ಗೆ ಕಾಣಿಸಿತು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನ ಎದುರು ಸಾಲಿನಲ್ಲಿ ಗಂಗುಲಪ್ಪನವರ ಡಿಟಿಪಿ ಅಂಗಡಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ವರ್ಷವೇ ಜಗನ್ ಜಂಗಮಕೋಟೆಯಿಂದ ಬಂದು ಇಲ್ಲಿ ಕುರ್ಚಿ ಹಿಡಿದಿದ್ದ. ಅಂದಿನಿಂದ ಈ ಸೀಮೆಯ ಲಗ್ನಪತ್ರಿಕೆಗಳ ಮೇಲೆ ಕೂತ ಗಣಪ, ಕಳಶ, ಅಂಚಿನ ಬಳ್ಳಿ ಎಲ್ಲ ಅವನ ಕೈಯದ್ದೇ. ಅದನ್ನೆಲ್ಲ ಅವನು 'ಡಿಸೈನ್' ಎಂಬ ಒಂದೇ ಫೋಲ್ಡರಿನಲ್ಲಿ ಪೇರಿಸಿಟ್ಟಿದ್ದ. ಶ್ರಾವಣಕ್ಕೆ ಚಿಂತಾಮಣಿಯಲ್ಲಿ ಎರಡನೇ ಅಂಗಡಿ ತೆಗೀತೀನಿ, ನಿಮ್ಮಲ್ಲೊಬ್ಬನನ್ನ ಅಲ್ಲಿಗೆ ಯಜಮಾನನ ಹಾಗೆ ಕೂರಿಸ್ತೀನಿ ಎಂದು ಗಂಗುಲಪ್ಪ ಹೇಳಿದಾಗ, ಆ ಒಬ್ಬ ಯಾರು ಎಂದು ಜಗನ್ ಕೇಳಲೇ ಇಲ್ಲ. ಕೇಳುವುದೇನಿದೆ?

ಆಮೇಲೆ ಈ ಅಚ್ಯುತ್ ಬಂದ. ಗೌರಿಬಿದನೂರಿನ ಮೇಷ್ಟ್ರ ಮಗ, ಡಿಪ್ಲೊಮಾ, ಇಸ್ತ್ರಿ ಮುರಿಯದ ಅಂಗಿ. ಆಗ ಪೆನ್‌ಡ್ರೈವ್ ವೈರಸ್ಸಿನ ಕಾಲ. ಗಿರಾಕಿಯೊಬ್ಬ ತಂದು ಚುಚ್ಚಿದರೆ ಅಂಗಡಿಯ ಮೂರೂ ಮೆಷೀನು ಮಲಗುತ್ತಿದ್ದವು. ಅಚ್ಯುತ್ ಅಂಗಡಿಯ ಹಿಂಬದಿಯ ಮೆಷೀನಿನಿಂದ ವಿಂಡೋಸ್ ತೆಗೆದು ಆ ವೈರಸ್ಸು ತಾಗದ ಲಿನಕ್ಸ್ ಹಾಕಿದ. ಜಗನ್‌ನ ಡಿಸೈನ್ ಫೋಲ್ಡರನ್ನೂ ಅದಕ್ಕೇ ಸಾಗಿಸಿದ. "ಇನ್ಮೇಲೆ ಎಲ್ಲಾರ ಫೈಲೂ ಇದರಲ್ಲೇ ಇರ್ಲಿ. ಮುಂದಿರೋ ಎರಡು ಮೆಷೀನು ಕೆಲ್ಸಕ್ಕೆ ಮಾತ್ರ, ಅದ್ರಲ್ಲಿ ಏನೂ ಉಳಿಸೋದು ಬೇಡ" ಎಂದ. ವೈರಸ್ಸು ನಿಂತೇಹೋಯಿತು. ಅದೇ ಜಗನ್‌ಗೆ ತಡೆಯಲಾಗದ್ದು. ಕೆಟ್ಟಿದ್ದರೆ ಬೈಯಬಹುದಿತ್ತು.

ಹೊಟ್ಟೆಕಿಚ್ಚು ಅವನನ್ನು ಮೇಯತೊಡಗಿತು. ಮನೆಯಲ್ಲಿ ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದ ರೇಷ್ಮೆ ಹುಳು ತಟ್ಟೆ ತುಂಬ ಸೊಪ್ಪು ಮೇಯುವಾಗ ಮಳೆ ಹುಯ್ದಂಥ ಸದ್ದು ಬರುತ್ತದಲ್ಲ, ಹಾಗೆ. ಹೊರಗೆ ಸುಮ್ಮನೆ ಕೂತಿರುತ್ತಿದ್ದ, ಒಳಗೆ ಬಿಡುವಿಲ್ಲದ ಸದ್ದು. ಅವನೇ ಬೆರಳು ಹಿಡಿದು ಟೈಪಿಂಗ್ ಕಲಿಸಿದ ರಾಧಾಮಣಿ ಈಗ "ಅಚ್ಯುತ್, ಇದೊಂಚೂರು ನೋಡಪ್ಪ" ಎನ್ನುತ್ತಿದ್ದಳು. ಆ 'ನೋಡಪ್ಪ' ಜಗನ್‌ನ ಎದೆಗೆ ಮೊಳೆಯಂತೆ ಇಳಿಯುತ್ತಿತ್ತು. ಅಚ್ಯುತ್ ಮಾತ್ರ ಅವನನ್ನು "ಜಗನಣ್ಣ" ಎಂದೇ ಕರೆಯುತ್ತಿದ್ದ. ಒಂದು ಸಲ ತಿರುಗಿ ಬಿದ್ದಿದ್ದರೂ ಜಗನ್‌ಗೆ ಸಮಾಧಾನವಾಗುತ್ತಿತ್ತು.

ಆಷಾಢದ ಒಂದು ಬೆಳಿಗ್ಗೆ ಜಗನ್ ಯಾವುದೋ ಹಳೇ ಬಳ್ಳಿ ಬೇಕೆಂದು ಹಿಂದಿನ ಮೆಷೀನಿಗೆ ಕೂತು ಡಿಸೈನ್ ಫೋಲ್ಡರ್ ತೆಗೆದ. ಗಣಪನಿಲ್ಲ, ಕಳಶವಿಲ್ಲ, ಬಳ್ಳಿಯಿಲ್ಲ. ಎಲ್ಲಿ ನೋಡಿದರೂ ಅಚ್ಯುತ್‌ನ ಹೆಸರಿನ ಬ್ಯಾನರ್‌ಗಳು. ಪಕ್ಕದಲ್ಲಿ ಗಂಗುಲಪ್ಪ ಹಿಂದಿನ ದಿನ ತಂದ ಹೊಸ ಡಿಸ್ಕು ಕೇಬಲ್ಲಿಗೆ ನೇತುಬಿದ್ದು ಮಿಣುಕುತ್ತಿತ್ತು.

ಅವನು ಮೇಲಿಂದ ಕೆಳಗೆ ಇನ್ನೊಮ್ಮೆ ಹುಡುಕಿದ. ಮರುಗಳಿಗೆಯಲ್ಲಿ, ಹೇಳಬಾರದು, ಒಂದು ಥರದ ಸಂತೋಷವಾಯಿತು. ಸಿಕ್ಕಿಬಿದ್ದ ಕಳ್ಳ!

"ಅಣ್ಣೋ! ಗಂಗುಲಣ್ಣೋ! ಬಂದು ನೋಡಿ ನಿಮ್ ಡಿಪ್ಲೊಮಾ ಮಾಡಿರೋ ಘನಕಾರ್ಯಾನ!"

ಗಂಗುಲಪ್ಪ ಲುಂಗಿ ಮೇಲೆತ್ತಿಕೊಂಡು ಬಂದರು. "ಏಂದಿರಾ ಅದು, ಬೆಳಿಗ್ಗೆ ಬೆಳಿಗ್ಗೆ ಅರಚಾಟ?"

"ನಂದೆಲ್ಲ ಅಳಿಸಾಕವ್ನೆ. ಇಷ್ಟು ವರ್ಷದ್ದು! ನಂದ್ ತೆಗ್ದು ತನ್ನದ್ ತುಂಬ್ಕೊಂಡವ್ನೆ!"

ಅಚ್ಯುತ್ ಓಡಿಬಂದು ಪರದೆ ನೋಡಿದ. ಅವನ ಮುಖದಲ್ಲಿ ಗಾಬರಿಯೇ ಇರಲಿಲ್ಲ. ಜಗನ್‌ಗೆ ಅದರಿಂದ ಇನ್ನೂ ಉರಿಯಿತು.

"ಅಳಿಸಿಲ್ಲ ಜಗನಣ್ಣ. ವಿಂಡೋಸ್‌ನಲ್ಲಾದ್ರೆ ಹೊಸ ಡಿಸ್ಕು ಚುಚ್ಚಿದ ತಕ್ಷಣ ಇ, ಎಫ್ ಅಂತ ಬೇರೆ ಅಕ್ಷರ ಬಂದು ಕೂರುತ್ತೆ. ಇಲ್ಲಿ ಹಂಗಲ್ಲ. ನಾವೇ ಮೌಂಟ್ ಅಂತ ಕಮಾಂಡ್ ಕೊಟ್ಟು ಅದನ್ನ ಯಾವುದಾದ್ರೂ ಫೋಲ್ಡರ್ ಮೇಲೆ ಕೂರಿಸ್ಬೇಕು. ನಾನು ಡಿಸೈನ್ ಮೇಲೇ ಕೂರಿಸ್ಬಿಟ್ಟೆ, ನಿಮ್ಗೆ ಹೇಳ್ದೆ ಇದ್ದಿದ್ದು ನನ್ ತಪ್ಪೇ. ಅದು ಮೇಲೆ ಕೂತಿರೋವರೆಗೂ ಕೆಳಗಿರೋದು ಕಾಣಲ್ಲ. ಎಬ್ಬಿಸಿದ್ರೆ ನಿಮ್ದೆಲ್ಲ ಇದ್ದ ಹಾಗೇ ಇರುತ್ತೆ."

"ಕೆಳಗಿದ್ಯಂತೆ! ಫೋಲ್ಡರಿಗೆ ಅಡೀಲಿ ನೆಲಮಾಳಿಗೆ ಇದ್ಯಾ? ಯಾರಿಗ್ ಕತೆ ಹೇಳ್ತೀಯಪ್ಪಾ?"

ಅಚ್ಯುತ್ ಬಗ್ಗಿ ಪರದೆಯ ಕಪ್ಪು ಕಿಟಕಿಯೊಂದರಲ್ಲಿ ಡಿಸ್ಕು ಎಬ್ಬಿಸುವ ಕಮಾಂಡ್ ಬಡಿದ. ಡಿಸ್ಕು ಬಿಡುವಾಗಿಲ್ಲ ಎಂದು ಮೆಷೀನು ಹೇಳಿತು.

"ನೀವು ಆ ಫೋಲ್ಡರ್ ತೆಗ್ದು ಕೂತಿದೀರಲ್ಲ, ಒಳಗೆ ಜನ ಇದ್ರೆ ಅದು ಏಳಲ್ಲ. ಅದನ್ನ ಮುಚ್ಚಿ. ಜೊತೆಗೆ ರಾಧಾಮಣಿ ಮುಂದಿನ ಮೆಷೀನಿಂದ ಸ್ಕೂಲಿಂದು ಈ ಡಿಸ್ಕಿಗೆ ಕಳಿಸ್ತಾ ಇದಾರೆ, ಅದು ಮುಗೀಲಿ. ಐದ್ ನಿಮಿಷ."

ಗೌರಿಬಿದನೂರಿನ ಹೈಸ್ಕೂಲೊಂದರ ಬೆಳ್ಳಿಹಬ್ಬದ ಸಂಚಿಕೆ ಅದು. ರಾಧಾಮಣಿ ವಾರವೆಲ್ಲ ಕೂತು ಟೈಪಿಸಿದ್ದಳು. ಮುಂದಿನ ಮೆಷೀನಿನಲ್ಲಿ ಏನೂ ಉಳಿಸಬಾರದೆಂಬ ಕಟ್ಟಳೆಯಿತ್ತಲ್ಲ, ಹಾಗಾಗಿ ಪುಟಗಳನ್ನು ಕಟ್ ಮಾಡಿ ಹಿಂದಕ್ಕೆ ಸಾಗಿಸುತ್ತಿದ್ದಳು.

"ಮುಚ್ಚಲ್ಲ" ಎಂದ ಜಗನ್. "ಇದೇ ನನ್ ಸಾಕ್ಷಿ. ಮುಚ್ಚಿಸ್ಬಿಟ್ಟು ಆಮೇಲೆ ಏನೇನ್ ಮಾಡ್ತೀಯೋ."

"ಸಾಕ್ಷಿ ಅಂತೆ! ಇದೇನ್ ಕೋರ್ಟಾ?" ಗಂಗುಲಪ್ಪ ನಕ್ಕುಬಿಟ್ಟರು. "ಮುಚ್ಚೋ ಮಾರಾಯ. ಅಚ್ಯುತಪ್ಪ ತೋರಿಸ್ತಾನಂತೆ."

ಅಚ್ಯುತಪ್ಪ! ಇಷ್ಟು ವರ್ಷದಲ್ಲಿ ಒಂದು ದಿನವೂ ಅವರ ಬಾಯಲ್ಲಿ 'ಜಗನಪ್ಪ' ಬಂದದ್ದಿಲ್ಲ.

"ಐದ್ ನಿಮಿಷ ಯಾಕೆ? ಈಗ್ಲೇ ಎಬ್ಬಿಸ್ತೀನಿ!" ಎಂದವನೇ ಕೇಬಲ್ಲಿಗೆ ಕೈ ಹಾಕಿದ.

"ಜಗನಣ್ಣ, ಬೇಡ! ಇದು ವಿಂಡೋಸ್ ಥರ ಅಲ್ಲ, ಬರೆದಿದ್ದು ಇನ್ನೂ ಡಿಸ್ಕಿಗೆ ಇಳಿದಿಲ್ಲ—"

"ಸಾವಿರ ಸಲ ಕಿತ್ತಿದೀನಿ ಕಣೋ. ಏನೂ ಆಗಿಲ್ಲ."

ಕಿತ್ತೇಬಿಟ್ಟ.

ಮಿಣುಕು ಆರಿತು. ಅವನು ಹಿಡಿದು ಕೂತಿದ್ದ ಸಾಕ್ಷಿಯ ಮೇಲೆ ಏನೋ ತಪ್ಪಾಗಿದೆ ಎನ್ನುವ ಇಂಗ್ಲಿಷ್ ಸಾಲುಗಳು ಉಕ್ಕಿದವು. ಮುಂದಿನಿಂದ ರಾಧಾಮಣಿ, "ಅಯ್ಯೋ ದೇವುಡಾ, ಏನ್ ಮಾಡಿದ್ರಿ? ನಿಂತೋಯ್ತು!" ಎಂದು ಕೂಗಿದಳು.

ಅಚ್ಯುತ್ ಆ ಫೋಲ್ಡರ್ ಮುಚ್ಚಿದ. ಮತ್ತೆ ಅದೇ ಕಮಾಂಡ್ ಬಡಿದ, ಡಿಸೈನ್ ತೆಗೆದ. ಗಣಪ ಇದ್ದ. ಕಳಶ ಇತ್ತು. ಬಳ್ಳಿಗಳೆಲ್ಲ, ಜಗನ್ ತಾನೇ ಮರೆತಿದ್ದ ಹಳೆಯ ಬಳ್ಳಿಗಳೂ, ಒಂದೆಲೆ ಉದುರದೆ ಸಾಲಾಗಿ ನಿಂತಿದ್ದವು. ಯಾರೂ ಅವುಗಳತ್ತ ನೋಡಲಿಲ್ಲ.

ಡಿಸ್ಕನ್ನು ಮತ್ತೆ ಚುಚ್ಚಿ, ಬೇರೆ ಫೋಲ್ಡರಿನ ಮೇಲೆ ಕೂರಿಸಿ, ಮಧ್ಯಾಹ್ನದವರೆಗೆ ರಿಪೇರಿ ಮಾಡಿದರು. ಬ್ಯಾನರ್‌ಗಳು ಉಳಿದವು. ಸಂಚಿಕೆಯಲ್ಲಿ ಕೊನೆಗೆ ಕಳಿಸಿದ ಪುಟಗಳು ಮಾತ್ರ ಹಿಂದಿನ ಡಿಸ್ಕಿಗೂ ಸೇರಿರಲಿಲ್ಲ, ಮುಂದಿನ ಮೆಷೀನಿನಲ್ಲೂ ಉಳಿದಿರಲಿಲ್ಲ. ಫೈಲಿನ ಹೆಸರುಗಳಿದ್ದವು, ಒಳಗೆ ಒಂದಕ್ಷರವಿಲ್ಲ.

"ಕೊಡಮ್ಮ, ನಾನೇ ಮತ್ತೆ ಟೈಪ್ ಮಾಡ್ಕೊಡ್ತೀನಿ" ಎಂದು ಜಗನ್ ಕೈ ಚಾಚಿದ.

ರಾಧಾಮಣಿ ಕೈಬರಹದ ಕಟ್ಟನ್ನು ಎದೆಗೊತ್ತಿಕೊಂಡಳು. "ನೀವ್ ಮುಟ್ಬೇಡಿ. ಅಚ್ಯುತ್, ನೀನ್ ಹೊಡಿಯಪ್ಪ, ನಾನ್ ಓದ್ತೀನಿ. ಬೇಗ ಆಗ್ಲಿ." ಅವಳು ತನ್ನ ಕುರ್ಚಿ ಎಳೆದು ಅಚ್ಯುತ್‌ನ ಕುರ್ಚಿಗೆ ತಾಗಿಸಿ ಕೂತಳು.

ಗಂಗುಲಪ್ಪ ಜಗನ್‌ನನ್ನು ಹೊರಗೆ ಕರೆದರು. ಮಾರ್ಕೆಟ್ಟಿಗೆ ಗೂಡು ತಂದವರ ಗಾಡಿಗಳು ಸಾಲುಗಟ್ಟಿದ್ದವು. ಬೈಗುಳ ಬರುತ್ತದೆಂದು ಜಗನ್ ಹಲ್ಲು ಕಚ್ಚಿ ನಿಂತ. ಬರಲಿಲ್ಲ.

"ಚಿಂತಾಮಣಿಗೆ ನೀನೇ ಹೋಗೋ" ಎಂದರು.

ಜಗನ್ ತಲೆ ಎತ್ತಿದ.

"ಅಲ್ಲಿ ಎರಡೂ ಮೆಷೀನು ವಿಂಡೋಸೇ. ಏನ್ ಕಿತ್ರೂ ನಡೆಯುತ್ತೆ. ಇಲ್ಲಿಗೆ ಅವ್ನು ಬೇಕು ನಂಗೆ."

ಬಯಸಿದ್ದು ಸಿಕ್ಕಿತ್ತು. ಯಜಮಾನನ ಕುರ್ಚಿ, ಬೀಗದ ಕೈ, ಸ್ವಂತ ಗಿರಾಕಿ, ಎಲ್ಲ. ಅಚ್ಯುತ್‌ಗೆ ಇಲ್ಲಿನ ಕುರ್ಚಿ ಕೊಟ್ಟ ಮೇಲೆ ಉಳಿದದ್ದು. ಬೇಡ ಎಂದು ಮುಖಕ್ಕೆ ಎಸೆಯಬೇಕೆನಿಸಿತು. ಎಸೆದರೆ ಇಲ್ಲೇ ಇದ್ದು ಇದನ್ನೆಲ್ಲ ಕೇಳಬೇಕು. ಒಳಗಿಂದ ರಾಧಾಮಣಿಯ ಓದು ಬರುತ್ತಿತ್ತು: "ಮಾನ್ಯ ಮುಖ್ಯೋಪಾಧ್ಯಾಯರ ಸಂದೇಶ..." ಹಿಂದೆಯೇ ಅಚ್ಯುತ್‌ನ ಕೀಲಿಗಳ ಸದ್ದು. ನಡುವೆ ಅವಳು ಎಲ್ಲೋ ತಪ್ಪಿದಳು. ಇಬ್ಬರೂ ನಕ್ಕರು.

"ಶ್ರಾವಣದವರೆಗೂ ಯಾಕಣ್ಣ?" ಎಂದ ಜಗನ್. "ನಾಳೇನೇ ಹೋಗ್ತೀನಿ."