ಕಂಬಿಯ ಮೇಲಿನ ವಿಭೂತಿ

ಆಯುಧಪೂಜೆ, ವಿಜಯದಶಮಿ ಕಳೆದು ಕೆಲಸ ಶುರುವಾದ ಬೆಳಿಗ್ಗೆ, ತೊಟ್ಟಿಯಿಂದ ಎತ್ತಿದ ಬಾಗಿಲ ಹಿಡಿಕೆಗಳು ಅರ್ಧ ಬೆಳಗಿದ ಪಾತ್ರೆಗಳಂತೆ ಮಂಕಾಗಿದ್ದವು.

ಪೀಣ್ಯದ ಆ ನಿಕಲ್ ಪ್ಲೇಟಿಂಗ್ ಶೆಡ್ಡಿಗೆ ನಾನು ಸೇರಿ ತಿಂಗಳೂ ತುಂಬಿರಲಿಲ್ಲ. ಹಿಡಿಕೆಗಳನ್ನು ಕೊಕ್ಕೆಗೆ ಸಿಕ್ಕಿಸಿ ತೊಟ್ಟಿಯ ಮೇಲಿನ ತಾಮ್ರದ ಕಂಬಿಗೆ ತೂಗುಹಾಕುವುದು ನನ್ನ ಕೆಲಸ. ಕರೆಂಟು ಕಂಬಿಯಿಂದ ಕೊಕ್ಕೆಗೆ, ಕೊಕ್ಕೆಯಿಂದ ಹಿಡಿಕೆಗೆ ಇಳಿದರೆ ನಿಕಲ್ ಕೂರುತ್ತದೆ. ಮಗಳು ಮಾಕಳಿಯ ಶಾಲೆಯಿಂದ ಬರುವ ಹೊತ್ತಿಗೆ ಮನೆ ಸೇರಬಹುದಾದ ಪಾಳಿ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಮಾಲೀಕ ನರಸಿಂಹಯ್ಯ ಒಂದು ಹಿಡಿಕೆಯನ್ನು ನನ್ನ ಮುಂದೆ ಹಿಡಿದರು. "ಏನಮ್ಮ ವೇಣಿ, ಬರಿಗೈಲಿ ಮುಟ್ಟಿದ್ಯಾ? ಎಣ್ಣೆ ಕೈ ತಾಗಿದ್ರೆ ಇಂಗೇ ಆಗೋದು."

"ಇಲ್ಲ ಸಾರ್, ಗ್ಲೌಸ್ ತೆಗ್ದೇ ಇಲ್ಲ."

"ಎಲ್ರೂ ಅಂಗೇ ಅಂತಾರೆ. ನಾಳೆಯಿಂದ ಬೇರೆಯೋರನ್ನ ನೋಡ್ಕೋತೀನಿ."

"ಸ್ವಲ್ಪ ತಡೀರಿ ಸಾರ್," ಎಂದರು ಸೂಪರ್‌ವೈಸರ್ ಕೊಟ್ರಪ್ಪ. ದಾವಣಗೆರೆ ಕಡೆಯವರು, ಹಣೆಯ ವಿಭೂತಿ ಎಂದೂ ಅಳಿಸದು. ನೀರಿನ ಬಿಸಿ ನೋಡಿದರು, ಸರಿಯಿತ್ತು. ದ್ರಾವಣದ ಹುಳಿ ನೋಡಿದರು, ಅದೂ ಸರಿ. ಕರೆಂಟಿನ ಮೀಟರಿನ ಮುಳ್ಳು ಮಾತ್ರ ದಿನದಷ್ಟು ಏರಿರಲಿಲ್ಲ. ಬಗ್ಗಿ ಒಂದು ಕೊಕ್ಕೆ ಎತ್ತಿದರು. ಅದರಡಿ ಕಂಬಿಯ ಮೇಲೆ ಒಣಗಿ ಗಟ್ಟಿಯಾದ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಹಬ್ಬದ ದಿನ ಕಂಬಿಯುದ್ದಕ್ಕೂ ಅವರೇ ಬಳಿದದ್ದು.

ಮಾಲೀಕರು ಆಚೆ ಬದಿಗಿದ್ದರು. ಹೆಬ್ಬೆರಳಿನಿಂದ ಉಜ್ಜಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊಟ್ರಪ್ಪ ಉಜ್ಜಲಿಲ್ಲ.

"ಇಲ್ಲಿ ಬರ್ರಿ ಸಾರ್. ಆಕೀ ಕೈ ಅಲ್ಲ ಇದು, ನನ್ನ ಕೈ."

ನರಸಿಂಹಯ್ಯ ಬಗ್ಗಿ ನೋಡಿದರು. "ಪೂಜೆ ಮಾಡಪ್ಪಾ ಅಂದ್ರೆ ಕರೆಂಟಿಗೇ ಪಟ್ಟೆ ಬಳಿದಿದ್ದೀಯಲ್ಲೋ."

"ಭಕ್ತಿ ಒಂಚೂರು ಜಾಸ್ತಿ ಆತು ಸಾರ್."

ತೊಳೆಯುವ ತೊಟ್ಟಿಯ ಬಳಿಯಿಂದ ಬೈರಮ್ಮ ಅಂದಳು: "ಶಿವನೇ ಅಡ್ಡ ಕುಂತ್ರೆ ಕರೆಂಟ್ ಪಾಪ ಏನ್ ಮಾಡ್ತದೆ."

ಮಾಲೀಕರಿಗೂ ನಗು ತಡೆಯಲಾಗಲಿಲ್ಲ. ಎಮರಿ ಪೇಪರಿನಿಂದ ಕಂಬಿ ಉಜ್ಜಿ ಮತ್ತೆ ಇಳಿಸಿದ ಹಿಡಿಕೆಗಳು ಫಳಫಳ ಹೊಳೆಯುತ್ತ ಮೇಲೆ ಬಂದವು. "ಗ್ಲೌಸ್ ಮಾತ್ರ ತೆಗೀಬೇಡ," ಎಂದಷ್ಟೇ ಹೇಳಿ ನರಸಿಂಹಯ್ಯ ಹೊರಟುಹೋದರು. ನಾಳೆಯ ಮಾತು ಅಲ್ಲಿಗೇ ನಿಂತಿತು.

ಊಟದ ಹೊತ್ತಿಗೆ ಥ್ಯಾಂಕ್ಸ್ ಹೇಳಲು ಹೋದೆ. "ನಿಂದೇನು ತಪ್ಪಿತ್ತವ್ವಾ, ಥ್ಯಾಂಕ್ಸ್ ಹೇಳಾಕೆ?" ಎಂದು ಕೊಟ್ರಪ್ಪ ಡಬ್ಬಿ ಬಿಚ್ಚಿ, ಒಂದು ರೊಟ್ಟಿ ನನ್ನ ಕಡೆ ಸರಿಸಿದರು.

ಮಗಳು ಈಗ ಹೈಸ್ಕೂಲಿಗೆ ಹೋಗುತ್ತಾಳೆ. ನಾನು ಅದೇ ಪಾಳಿಯಲ್ಲಿದ್ದೇನೆ. ಪ್ರತಿ ಆಯುಧಪೂಜೆಗೆ ಕೊಟ್ರಪ್ಪ ವಿಭೂತಿ ತಟ್ಟೆಯನ್ನು ನನ್ನ ಕೈಗಿಡುತ್ತಾರೆ. "ನೀನೇ ಹಚ್ಚವ್ವಾ, ನನ್ನ ಕೈ ನಂಬಬ್ಯಾಡ." ತೊಟ್ಟಿಯ ಹೊರಗೋಡೆಗೆ ಧಾರಾಳವಾಗಿ ಬಳಿಯುತ್ತೇನೆ. ಕಂಬಿಗೆ ಮಾತ್ರ ಏನೂ ಹಚ್ಚದೆ, ಕೈಮುಗಿದು ಬರುತ್ತೇನೆ.