ಕಣ್ಣು ಮುಚ್ಚಿದ ಸಭೆ

ಭಾನುವಾರ ಬೆಳಿಗ್ಗೆ ಎಂಟರೊಳಗೆ ಟೈಲರಕ್ಕನ ಮುಂದಿನ ಕೋಣೆ ಖಾಲಿಯಾಗಬೇಕು. ಹೊಲಿಗೆ ಯಂತ್ರ ಗೋಡೆ ಸೇರಬೇಕು, ನೆಲದ ಮೇಲಿನ ದಾರದ ತುಂಡು, ಗುಂಡುಸೂಜಿಗಳನ್ನು ಒಂದೂ ಬಿಡದೆ ಆರಿಸಬೇಕು. ಒಮ್ಮೆ ಪ್ರಾರ್ಥನೆಗೆ ಮಂಡಿಯೂರಿದ ಬೇಕರಿಯಜ್ಜಿ ಸೂಜಿ ಚುಚ್ಚಿಸಿಕೊಂಡು "ಸ್ತೋತ್ರ!" ಎಂದು ಕಿರುಚಿದ್ದನ್ನು ಎಲ್ಲರೂ ಭಕ್ತಿಯ ಉತ್ಸಾಹವೆಂದೇ ತಿಳಿದು ತಾವೂ ಜೋರಾಗಿ "ಸ್ತೋತ್ರ" ಹೇಳಿದ್ದರು.

ಅವರ ಸಭೆಗೆ ಗೋಪುರವಿರಲಿಲ್ಲ, ಗಂಟೆಯಿರಲಿಲ್ಲ, ಪಾದ್ರಿಯೂ ಇರಲಿಲ್ಲ. ಹದಿಮೂರು ಜನ ವಿಶ್ವಾಸಿಗಳು ಆ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಹಾಡಿ, ಪ್ರಾರ್ಥಿಸಿ, ಒಂದೇ ತಟ್ಟೆಯ ರೊಟ್ಟಿ ಮುರಿದು ಹಂಚಿಕೊಳ್ಳುತ್ತಿದ್ದರು. ಟೈಲರಕ್ಕನ ಗಂಡ, ಬಸ್ ಓಡಿಸಿ ನಿವೃತ್ತನಾದ ಡ್ರೈವರಣ್ಣ, ಸಭೆಯ ಹಿರಿಯ. "ದೊಡ್ಡ ಕಟ್ಟಡದಲ್ಲಿ ಯಾರ ಹಿಂದೆ ಬೇಕಾದ್ರೂ ಅಡಗಿಕೊಂಡು ಕೂರಬಹುದು. ಮನೇಲಿ ಆಗಲ್ಲ" ಎನ್ನುವುದು ಆತನ ನೆಚ್ಚಿನ ಮಾತು. ಹಾಡು ಎತ್ತಿಕೊಡುತ್ತಿದ್ದವನು ಶಾಲೆಯಲ್ಲಿ ಗಣಿತ ಕಲಿಸುವ ಮೇಷ್ಟ್ರು. ಅವನ ಗಂಟಲಿಗೆ ಇಡೀ ಬೀದಿಯೇ ಕಿವಿಗೊಡುತ್ತಿತ್ತು. ಅವನ ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮೆದುಮಾತಿನ ಹುಡುಗಿ. ಯಾವಾಗಲೂ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು.

ಒಂದು ಬುಧವಾರ ಮಧ್ಯಾಹ್ನ ಅವಳು ಹೊಸ ಬಟ್ಟೆ ಹಿಡಿದುಕೊಂಡು ಬಂದಳು.

"ಅಕ್ಕಾ, ಹಿಂದೆ ಕತ್ತಿನವರೆಗೂ ಮುಚ್ಚೋ ಹಾಗೆ ಹೊಲಿದುಕೊಡಿ. ತೋಳೂ ಉದ್ದ ಇರಲಿ."

"ಈ ಸೆಕೆಗಾ? ಬೆಂದುಹೋಗ್ತೀಯಲ್ಲೇ!" ಎಂದು ನಗುತ್ತಲೇ ಟೈಲರಕ್ಕ ಅಳತೆ ಟೇಪನ್ನು ಅವಳ ಬೆನ್ನ ಮೇಲೆ ಎಳೆದಳು. ಹುಡುಗಿ ಹಲ್ಲು ಕಚ್ಚಿ ಉಸಿರೆಳೆದುಕೊಂಡಳು. ಅಕ್ಕ ಕಾಲರನ್ನು ಮೆಲ್ಲಗೆ ಸರಿಸಿ ನೋಡಿದಳು. ಭುಜದ ಕೆಳಗೆ ಕೆಂಪಗೆ, ಅಂಚಿನಲ್ಲಿ ಕೀವು ಕಟ್ಟಿದ ಗಾಯ. ಮೇಲೆ ಚೂಪು, ಕೆಳಗೆ ಅಗಲ. ಮೂವತ್ತು ವರ್ಷ ಇಸ್ತ್ರಿ ಪೆಟ್ಟಿಗೆ ಹಿಡಿದವಳಿಗೆ ಆ ಆಕಾರವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅದರ ಪಕ್ಕದಲ್ಲೇ ಅಂಥದೇ ಇನ್ನೊಂದು ಹಳೆಯ ಕಲೆ, ಒಣಗಿ ಹೊಳೆಯುತ್ತಿತ್ತು.

"ತಾಗಿಬಿಡ್ತು" ಎಂದಳು ಹುಡುಗಿ.

"ಬೆನ್ನಿಗಾ?"

ಹುಡುಗಿ ಕಾಲರನ್ನು ಮತ್ತೆ ಮೇಲಕ್ಕೆಳೆದುಕೊಂಡಳು. ಆಮೇಲೆ, "ಅವರ ಅಂಗಿಗೆ ಮಡಿಕೆ ಸರಿಯಾಗಿ ಬರ್ಲಿಲ್ಲ ಅಂತ" ಎಂದಳು. ಮಳೆ ಬಂತು ಎಂದು ಹೇಳುವಷ್ಟೇ ಸಪ್ಪಗಿತ್ತು ದನಿ. ಅಕ್ಕ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು.

"ಯಾರಿಗೂ ಹೇಳ್ಬೇಡಿ ಅಕ್ಕಾ" ಎಂದಳು ಹುಡುಗಿ, ನೀರಿನ ಲೋಟ ಚಾಚುತ್ತಾ. "ಗೊತ್ತಾದ್ರೆ ಅವರು ಇಲ್ಲಿಗೆ ಕರ್ಕೊಂಡು ಬರೋದನ್ನೇ ನಿಲ್ಲಿಸ್ತಾರೆ. ನನಗೆ ವಾರಕ್ಕೊಮ್ಮೆ ಉಸಿರಾಡೋ ಜಾಗ ಇದೊಂದೇ. ಡ್ರೈವರಣ್ಣನಿಗೆ ಹೇಗೂ ಗೊತ್ತಿದೆ."

ಕೊನೆಯ ಮಾತು ಅಕ್ಕನ ಕಿವಿಗೆ ಸೀಸ ಹೊಯ್ದಂತಾಯಿತು.

ಸಂಜೆ ಡ್ರೈವರಣ್ಣ ಭಾನುವಾರದ ಬೋಧನೆಗೆ ಟಿಪ್ಪಣಿ ಬರೆಯುತ್ತಿದ್ದ. ಹೆಂಡತಿ ಎದುರಿಗೆ ಬಂದು ನಿಂತಳು. "ನಿಮಗೆ ಗೊತ್ತಿತ್ತಾ?"

ಆತ ಯಾವ ವಿಷಯ ಎಂದು ಕೇಳಲಿಲ್ಲ. ಪೆನ್ನು ಕೆಳಗಿಟ್ಟ. "ಎರಡು ವರ್ಷದ ಹಿಂದೆ ಬಂದು ಹೇಳಿದ್ಲು. ಇಬ್ಬರನ್ನೂ ಕೂರಿಸಿ ಮಾತಾಡಿದೆ. ಮೇಷ್ಟ್ರು ನನ್ನ ಕಾಲು ಹಿಡಿದು ಅತ್ತ ಕಣೇ. ಅವಳೂ ಕ್ಷಮಿಸಿದೀನಿ ಅಂದ್ಲು. ಮುಗೀತು ಅಂದ್ಕೊಂಡೆ."

"ಮುಗಿದಿಲ್ಲ. ಇವತ್ತು ನೋಡಿದೆ. ಹಸಿ ಗಾಯ."

ಆತ ಮುಖ ಉಜ್ಜಿಕೊಂಡ. "ಏನು ಮಾಡಲಿ ಹೇಳು? ಪೊಲೀಸು, ಕೋರ್ಟು ಅಂತ ಹೋದ್ರೆ ಎರಡು ಜೀವನ ಹಾಳು. ಮನೆಮನೇಲಿ ಸೇರೋರು ನಾವು, ಮೊದಲೇ ಜನ ಸಂಶಯದಿಂದ ನೋಡ್ತಾರೆ. ಒಳಗೇನು ನಡಿಯುತ್ತೋ ಅಂತ ಆಡ್ಕೋತಾರೆ. ಇದೊಂದು ಹೊರಗೆ ಬಿದ್ರೆ ಸಭೆ ಉಳಿಯುತ್ತಾ? ಇಪ್ಪತ್ತು ವರ್ಷ ಕಟ್ಟಿದ್ದು. ಅವನೂ ಒಬ್ಬ ಮನುಷ್ಯ, ತಿದ್ದಿಕೊಳ್ಳಲಿ ಅಂತ ಕಾಯಬೇಕಲ್ವಾ?"

"ಕಾದಿದ್ದು ಯಾರ ಬೆನ್ನ ಮೇಲೆ ರೀ?"

ಅವಳಿಗೆ ಗಂಡನ ಮೇಲೆ ಎಂದೂ ಇಲ್ಲದಷ್ಟು ಹೇಸಿಗೆಯಾಯಿತು. ಅದಕ್ಕಿಂತ ಹೆಚ್ಚು ತನ್ನ ಮೇಲೆ. ಎರಡು ವರ್ಷದ ಹಿಂದೆ ಈ ಕೋಣೆಯಿಂದ ಅಳು ಕೇಳಿದಾಗ ಅವಳು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು. ಹೊರಡುವಾಗ ಹುಡುಗಿಯ ಕೆನ್ನೆ ತಟ್ಟಿ, "ಸಂಸಾರ ಅಂದ್ಮೇಲೆ ಹೊಂದಿಕೊಂಡು ಹೋಗ್ಬೇಕಮ್ಮಾ" ಎಂದಿದ್ದಳು. ಏನಾಯಿತೆಂದು ಕೇಳಿರಲಿಲ್ಲ. ಆಡಿದ ಆ ಮಾತು ಈಗ ಬಾಯಲ್ಲಿ ಕೊಳೆತ ಹಣ್ಣಿನಂತೆ ನಾರುತ್ತಿತ್ತು.

ಭಾನುವಾರ ಎಲ್ಲರೂ ಬಂದರು. ಮೇಷ್ಟ್ರು ಕಣ್ಣು ಮುಚ್ಚಿ ಹಾಡಿದ. ಬೇಕರಿಯಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಂತರ ಆ ವಾರ ದೇವರು ತನ್ನನ್ನು ನಡೆಸಿದ ಬಗೆಗೆ ಸಾಕ್ಷಿ ಹೇಳಲು ಅವನೇ ಎದ್ದ. ತರಗತಿಯಲ್ಲಿ ತಂಟೆ ಮಾಡಿದ ಮಗುವಿಗೆ ಹೊಡೆಯದೆ ಮಮತೆಯಿಂದ ತಿದ್ದಿದೆನೆಂದೂ, ಸೌಮ್ಯತೆಯೇ ವಿಶ್ವಾಸಿಯ ಆಭರಣವೆಂದೂ ಹೇಳಿದ. ಬೆಳ್ಳಗಿನ ಅಂಗಿಯ ತೋಳಿನ ಮಡಿಕೆ ಚಾಕುವಿನಂತೆ ನೆಟ್ಟಗಿತ್ತು. ಟೈಲರಕ್ಕ ಆ ಮಡಿಕೆಯನ್ನೇ ನೋಡುತ್ತಿದ್ದಳು.

ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ದಾಟಿ ಮೇಷ್ಟ್ರ ಬಳಿ ಬಂತು. ಅವನು ಒಂದು ಚೂರು ಮುರಿದು ಬಾಯಿಗಿಟ್ಟು ತಟ್ಟೆಯನ್ನು ಪಕ್ಕದಲ್ಲಿದ್ದ ಟೈಲರಕ್ಕನಿಗೆ ಚಾಚಿದ. ಶುಭ್ರವಾದ ಬೆರಳುಗಳು, ಒಪ್ಪವಾಗಿ ಕತ್ತರಿಸಿದ ಉಗುರುಗಳು. ಅವಳು ಕೈ ಚಾಚಲಿಲ್ಲ.

"ನನಗೆ ಬೇಡ. ಈ ಕೈಯಿಂದ ಬಂದಿದ್ದು ನನ್ನ ಗಂಟಲಲ್ಲಿ ಇಳಿಯಲ್ಲ."

ಮೇಷ್ಟ್ರು ಮುಗುಳ್ನಕ್ಕ. "ಅಕ್ಕಾ, ನನ್ನ ಮೇಲೆ ಏನಾದ್ರೂ ಕಹಿ ಇದ್ರೆ ಕ್ಷಮಿಸಿಬಿಡಿ. ಮನಸ್ಸು ಹಗುರ ಆಗುತ್ತೆ."

ಟೈಲರಕ್ಕ ತುಟಿ ಕಚ್ಚಿಕೊಂಡಳು. ಯಾರಿಗೂ ಹೇಳಬೇಡಿ ಎಂದಿದ್ದಳು ಹುಡುಗಿ. ಆ ಗುಟ್ಟು ಬಿಚ್ಚುವ ಹಕ್ಕು ತನ್ನದಲ್ಲ.

ಆಗ ಕುರ್ಚಿಯ ತುದಿಯಲ್ಲಿದ್ದ ಹುಡುಗಿ ಬಾಯಿಬಿಟ್ಟಳು. "ಅಕ್ಕ ನನ್ನ ಬೆನ್ನು ನೋಡಿದಾರೆ. ಇವರು ಇಸ್ತ್ರಿಯಿಂದ ಸುಟ್ಟಿದ್ದು. ಎರಡನೇ ಸಲ."

ಮೇಷ್ಟ್ರ ನಗು ಮುಖದ ಮೇಲೆ ಹಾಗೇ ಅಂಟಿಕೊಂಡಿತ್ತು. "ಇವಳಿಗೆ ಸ್ವಲ್ಪ ದಿನದಿಂದ ಮನಸ್ಸು ಸರಿಯಿಲ್ಲ. ಎಲ್ಲರೂ ಇವಳಿಗೋಸ್ಕರ ಪ್ರಾರ್ಥಿಸಿ."

"ಹೌದು, ಪ್ರಾರ್ಥಿಸೋಣ" ಎಂದಳು ಬೇಕರಿಯಜ್ಜಿ ಬಿಡುಗಡೆ ಸಿಕ್ಕವಳಂತೆ. ತಲೆಗಳು ಒಂದೊಂದಾಗಿ ಬಾಗಿದವು. ಕಣ್ಣುಗಳು ಮುಚ್ಚಿದವು. ಎಷ್ಟು ಬೇಗ, ಎಷ್ಟು ಸಲೀಸಾಗಿ ಮುಚ್ಚಿದವು! ಕೊಳೆತದ್ದನ್ನು ಕಂಡು ಮೂಗು ಮುಚ್ಚಿ ದಾಟಿಹೋಗುವವರ ಹಾಗೆ.

"ಕಣ್ಣು ಬಿಡಿ!" ಟೈಲರಕ್ಕ ಕೂಗಿದಳು. "ಅಸಹ್ಯ ಆಗಲ್ವಾ ನಿಮಗೆ? ಒಂದು ಹುಡುಗಿ ಬಾಯಿಬಿಟ್ಟು ಹೇಳ್ತಿದಾಳೆ. ಮೊದಲು ಅವಳ ಮುಖ ನೋಡಿ. ಆಮೇಲೆ ಪ್ರಾರ್ಥನೆ."

ಮೊದಲು ಕಣ್ಣು ತೆರೆದವನು ಡ್ರೈವರಣ್ಣ. ಹುಡುಗಿಯನ್ನು ನೋಡಿದ. ಅವಳೂ ಆತನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಈತನಿಂದ ಇನ್ನೇನೂ ಆಗದು ಎಂದು ಎಂದೋ ಕೈಬಿಟ್ಟವಳ ನೋಟ ಅದು. ಆತನ ತಲೆ ತಗ್ಗಿತು. ಆಮೇಲೆ ಎದ್ದು ಹೋಗಿ ಬೀದಿ ಬಾಗಿಲನ್ನು ಪೂರ್ತಿ ತೆರೆದ.

"ಮೇಷ್ಟ್ರೇ, ನೀವು ಹೊರಡಿ."

"ಅಣ್ಣಾ, ಇದು ನಮ್ಮ ಮನೆ ವಿಷಯ. ಹೊರಗಿನವರ ಮುಂದೆ…"

"ಮನೆ ವಿಷಯ ಅಂತ ನಾನೂ ಮುಚ್ಚಿಟ್ಟೆ. ಹೊರಡಿ. ಅವಳು ನಮ್ಮಲ್ಲಿರ್ತಾಳೆ." ಹುಡುಗಿಯ ಕಡೆ ತಿರುಗಿದ. "ತಾಯೀ, ನೀನು ಒಪ್ಪಿದ್ರೆ ಠಾಣೆಗೆ ಜೊತೆಗೆ ಬರ್ತೀನಿ. ಒಪ್ಪದಿದ್ರೂ ಈ ಮನೆ ನಿನ್ನದು."

ಮೇಷ್ಟ್ರು ಹೊರಟಾಗ ಅವನ ಹಿಂದೆ ನಾಲ್ಕು ಜನ ಎದ್ದು ಹೋದರು. ಒಬ್ಬ, "ಹಿರಿಯರಾಗಿ ಸಭೆ ಒಡೆದ್ರಿ" ಎಂದು ಮುಖಕ್ಕೆ ಹೇಳಿಯೇ ಹೋದ. ಬೇಕರಿಯಜ್ಜಿ ಕೂತಲ್ಲಿಂದಲೇ ಹುಡುಗಿಯ ಕೈ ಹಿಡಿದುಕೊಂಡಳು.

ಹುಡುಗಿ ಒಪ್ಪಿದಳು. ಅದೇ ಮಧ್ಯಾಹ್ನ ಠಾಣೆಯಲ್ಲಿ ಅವಳ ಹೇಳಿಕೆಯಾದ ಮೇಲೆ ಪೊಲೀಸಿನವನು ಡ್ರೈವರಣ್ಣನದನ್ನೂ ಬರೆದುಕೊಂಡು, ಸಹಿಗೆ ಮೊದಲು ಗಟ್ಟಿಯಾಗಿ ಓದಿದ: "ಸದರಿ ವಿಷಯ ನನಗೆ ಇತ್ತೀಚೆಗೆ ತಿಳಿದುಬಂದಿತು…"

"ಅಲ್ಲಿ ತಪ್ಪಾಗಿದೆ" ಎಂದ ಡ್ರೈವರಣ್ಣ.

"ಹಿರಿಯರು, ನಿಮಗ್ಯಾಕೆ ತೊಂದರೆ ಅಂತ ಹಾಗೆ ಬರೆದೆ."

"ತಿದ್ದಿ. ಎರಡು ವರ್ಷದಿಂದ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ ಅಂತ ಬರೀರಿ."

ಪೊಲೀಸಿನವನು ಆತನನ್ನೊಮ್ಮೆ ನೋಡಿ, ಆ ಸಾಲನ್ನು ಹೊಡೆದು ಹಾಕಿ ಹೊಸದಾಗಿ ಬರೆದ. ಡ್ರೈವರಣ್ಣ ಸಹಿ ಮಾಡಿದ. ಹುಡುಗಿಯ ಪಕ್ಕ ಕೂತಿದ್ದ, ನಾಲ್ಕು ದಿನದಿಂದ ಗಂಡನ ಮುಖ ನೋಡದಿದ್ದ ಟೈಲರಕ್ಕ ಆಗ ತಲೆಯೆತ್ತಿ ಆತನನ್ನು ನೋಡಿದಳು. ಅವಳ ಹೇಸಿಗೆ ಪೂರ್ತಿ ಹೋಗಿರಲಿಲ್ಲ. ಆದರೂ ಬೆಂಚಿನ ಮೇಲೆ ಸ್ವಲ್ಪ ಸರಿದು, ಆತನಿಗೆ ಕೂರಲು ಜಾಗ ಮಾಡಿಕೊಟ್ಟಳು.